ಎರಡರಷ್ಟು ಮಾಡಿ ಮೂರು ಕೂಡಿಸುವ ಮಾವ

ಲುವಾನ್‌ಶಾ
11 ಫೆಬ್ರುವರಿ 1994

ಅಭ್ಯರ್ಥಿ ಸಂಖ್ಯೆ 4417, ಕಟೇಟೆ, ಇವರಿಗೆ,

ಅಂಚೆಯಲ್ಲಿ ನೀವು ಕಳಿಸಿದ ಏಳನೇ ಪಾಠದ ಉತ್ತರಗಳು ತಲುಪಿದವು. ಇಪ್ಪತ್ತಕ್ಕೆ ಆರು ಅಂಕ. ಕೂಡುವುದು ಕಳೆಯುವುದು ನಿಮಗೆ ಚೆನ್ನಾಗಿ ಬರುತ್ತದೆ, ಬರಹವೂ ಗುಂಡಾಗಿದೆ. ಆದರೆ ‘ಒಳಗಿನ ಫಲನವನ್ನು ಕಂಡುಹಿಡಿಯಿರಿ’ ಎಂದಿರುವ ಏಳೂ ಲೆಕ್ಕಗಳು ತಪ್ಪು, ಏಳರಲ್ಲೂ ಒಂದೇ ತಪ್ಪು.

ಮೂರನೇ ಲೆಕ್ಕ ನೋಡಿ. f(x) = 2x + 3 ಎಂದು ಕೊಟ್ಟಿದೆ. ಅಂದರೆ f ಎಂಬ ಫಲನ ತನ್ನೊಳಗೆ ಹಾಕಿದ್ದನ್ನು ಎರಡರಷ್ಟು ಮಾಡಿ, ಮೂರು ಕೂಡಿಸಿ ಹೊರಗೆ ಕೊಡುತ್ತದೆ. x ಮೊದಲು g ಎಂಬ ಒಳಗಿನ ಫಲನಕ್ಕೆ ಹೋಗಿ, ಅಲ್ಲಿಂದ ಬಂದದ್ದು f ಒಳಗೆ ಹೋಗಿ, ಕೊನೆಗೆ 6x − 1 ಆಗಿ ಹೊರಬಂತು. g ಏನು? ನೀವು 3x − 10 ಎಂದು ಬರೆದಿದ್ದೀರಿ. ಸರಿಯುತ್ತರ 3x − 2. ಪಾಠವನ್ನು ಇನ್ನೊಮ್ಮೆ ಓದಿ ಮತ್ತೆ ಬರೆದು ಕಳಿಸಿ.

ಪ್ರಯತ್ನ ಚೆನ್ನಾಗಿದೆ. ಇನ್ನೂ ಶ್ರಮಪಡಿ. ಧೈರ್ಯಗೆಡಬೇಡಿ.

ಇಂತಿ,
ಅ. ಕಬಾಸೊ
ಗಣಿತ ಪರಿಶೀಲಕ, ಅಂಚೆ ಶಿಕ್ಷಣ ಕಚೇರಿ


ಕಟೇಟೆ
6 ಮಾರ್ಚ್ 1994

ಮಾನ್ಯ ಮೇಷ್ಟ್ರಿಗೆ ನಮಸ್ಕಾರಗಳು.

4417 ಎಂದರೆ ನಾನೇ, ಎನೆಲೆಸಿ ಟೆಂಬೊ. ವಯಸ್ಸು ಮೂವತ್ನಾಲ್ಕು. ಇಲ್ಲಿಯ ಮಿಷನ್ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷದಿಂದ ಆಯಾ ಆಗಿದ್ದೇನೆ. ಕಾಯಿಲೆಯವರ ಬಟ್ಟೆ ಒಗೆದು, ಮಲದ ಪಾತ್ರೆ ತೊಳೆದು, ಮಧ್ಯಾಹ್ನ ಅರ್ಧ ಗಂಟೆ ಬಿಡುವಾದಾಗ ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಕೂತು ನಿಮ್ಮ ಪಾಠ ಓದುತ್ತೇನೆ. ಒಂದೊಂದು ದಿನ ಪುಸ್ತಕ ತೆರೆದದ್ದು ನೆನಪಿರುತ್ತದೆ, ಮುಚ್ಚಿದ್ದು ನೆನಪಿರುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ.

ನರ್ಸಿಂಗ್ ಶಾಲೆಗೆ ಸೇರಬೇಕೆಂದರೆ ಗಣಿತ ಪಾಸಾಗಿರಬೇಕಂತೆ. ಎರಡು ಸಲ ಪರೀಕ್ಷೆಗೆ ಕೂತೆ, ಎರಡು ಸಲವೂ ಹೋಯಿತು. ಈ ವರ್ಷ ಆಗದಿದ್ದರೆ ವಯಸ್ಸಿನ ಮಿತಿ ದಾಟುತ್ತದೆ. ಆಮೇಲೆ ಸಾಯುವತನಕ ಪಾತ್ರೆ ತೊಳೆಯುವುದೇ.

ನನ್ನ ಪ್ರಶ್ನೆ ಇದು. x ಮೊದಲು ಹೋಗಿದ್ದು ಒಳಗಿನದಕ್ಕೆ. ಮೊದಲು ಆಗಿದ್ದನ್ನು ಮೊದಲು ಸರಿಪಡಿಸಬೇಕಲ್ಲವೇ? ಹಾಗೆಂದೇ ನಾನು ಒಳಗಿರುವ x ಅನ್ನು ತೆಗೆದು, ಅದರ ಜಾಗದಲ್ಲಿ ಮೂರು ಕಳೆದು ಅರ್ಧ ಮಾಡಿದ್ದನ್ನು ಇಟ್ಟೆ. ಅದು ಯಾಕೆ ತಪ್ಪು?

ಇಂತಿ ನಿಮ್ಮ ವಿದ್ಯಾರ್ಥಿನಿ,
ಎನೆಲೆಸಿ ಟೆಂಬೊ


ಲುವಾನ್‌ಶಾ
28 ಮಾರ್ಚ್ 1994

ಎನೆಲೆಸಿ ಟೆಂಬೊ ಅವರಿಗೆ,

ನಿಮ್ಮ ಪ್ರಶ್ನೆ ಒಳ್ಳೆಯದು. ಮೂವತ್ತೊಂದು ವರ್ಷದಿಂದ ಈ ಮೇಜಿನ ಮುಂದೆ ಕೂತು ಕೆಂಪು ಶಾಯಿ ಖರ್ಚು ಮಾಡುತ್ತಿದ್ದೇನೆ, ಎಲ್ಲರೂ ಈ ತಪ್ಪು ಮಾಡುತ್ತಾರೆ, ಆದರೆ ಯಾಕೆ ತಪ್ಪು ಎಂದು ಕೇಳಿದವರು ನಾಲ್ಕೋ ಐದೋ ಜನ. ನನಗೂ ದಣಿವಾಗಿದೆ, ಒಂದೇ ಸಲ ಹೇಳುತ್ತೇನೆ.

ಎನ್‌ಶಿಮಾ ಮುದ್ದೆ ಮಾಡಿ ಗಡಿಗೆಯಲ್ಲಿ ಇಟ್ಟಿದ್ದೀರಿ. ಮೇಲೆ ತಟ್ಟೆ ಮುಚ್ಚಿದ್ದೀರಿ. ನಾಯಿ ಬಾಯಿ ಹಾಕದಿರಲಿ ಎಂದು ತಟ್ಟೆಯ ಮೇಲೆ ಕಲ್ಲು ಇಟ್ಟಿದ್ದೀರಿ. ಹಸಿದವರು ಬಂದರೆ ಮೊದಲು ಕಲ್ಲು ತೆಗೆಯುತ್ತೀರಿ, ಆಮೇಲೆ ತಟ್ಟೆ. ಕಡೆಯಲ್ಲಿ ಇಟ್ಟದ್ದನ್ನು ಮೊದಲು ತೆಗೆಯುವುದು. f ಮಾಡಿದ್ದು ಅಷ್ಟೇ: ತಟ್ಟೆ ಅಂದರೆ ಎರಡರಷ್ಟು ಮಾಡಿದ್ದು, ಕಲ್ಲು ಅಂದರೆ ಮೂರು ಕೂಡಿಸಿದ್ದು. 6x − 1ರಿಂದ ಮೂರು ಕಳೆಯಿರಿ, 6x − 4. ಅರ್ಧ ಮಾಡಿ, 3x − 2. ಅದೇ g.

ನೀವು ಮಾಡಿದ್ದೇನು ಗೊತ್ತೇ? ಕಲ್ಲು ತಟ್ಟೆ ಇದ್ದಲ್ಲೇ ಬಿಟ್ಟು ಗಡಿಗೆಯ ತಳ ತೂತು ಮಾಡಿದ್ದೀರಿ. ಉತ್ತರ ಬರಲಿಲ್ಲ ಎಂದಾಗಲೆಲ್ಲ ಪಾಪದ x ಅನ್ನೇ ಹಿಡಿದು ತಿದ್ದುತ್ತೀರಿ. x ಏನು ತಪ್ಪು ಮಾಡಿದೆ?

ಇನ್ನೊಂದು ಮಾತು. ಉತ್ತರ ಸಿಕ್ಕ ಮೇಲೆ ಅದನ್ನು ಮತ್ತೆ f ಒಳಗೆ ಹಾಕಿ ನೋಡಿ. ಕೊಟ್ಟದ್ದೇ ಹೊರಗೆ ಬಂದರೆ ಸರಿ, ಬಾರದಿದ್ದರೆ ತಪ್ಪು. ಯಾರನ್ನೂ ಕೇಳಬೇಕಾಗಿಲ್ಲ, ನನ್ನನ್ನೂ.

ಪ್ರಯತ್ನ ಚೆನ್ನಾಗಿದೆ. ಇನ್ನೂ ಶ್ರಮಪಡಿ. ಧೈರ್ಯಗೆಡಬೇಡಿ.

ಇಂತಿ,
ಅ. ಕಬಾಸೊ


ಕಟೇಟೆ
26 ಜೂನ್ 1994

ಮಾನ್ಯ ಮೇಷ್ಟ್ರಿಗೆ,

ಮೂರು ತಿಂಗಳು ಬರೆಯಲಿಲ್ಲ, ಕ್ಷಮಿಸಿ. ಮಗಳು ಫಾಲೆಸಿಗೆ ಮಲೇರಿಯಾ ತಲೆಗೇರಿತ್ತು. ಒಂಬತ್ತು ವರ್ಷದವಳು, ನಾನು ಒಗೆದ ಹಾಸಿಗೆಯ ಮೇಲೆ ನನ್ನ ವಾರ್ಡಿನಲ್ಲೇ ಮಲಗಿದ್ದಳು. ಈಗ ಎದ್ದು ಓಡಾಡುತ್ತಾಳೆ, ಕಿವಿ ಸ್ವಲ್ಪ ಮಂದವಾಗಿದೆ.

ಇದರ ಜೊತೆ ಹತ್ತು ಲೆಕ್ಕ ಇಟ್ಟಿದ್ದೇನೆ. ಎಲ್ಲವನ್ನೂ ಮತ್ತೆ ಒಳಗೆ ಹಾಕಿ ನೋಡಿದ್ದೇನೆ. ಎಂಟು ಸರಿ, ಎರಡು ತಪ್ಪು. ತಪ್ಪು ಎಂದು ಗೊತ್ತಾಯಿತು, ಯಾಕೆಂದು ಗೊತ್ತಾಗಲಿಲ್ಲ.

ನಿಮಗೆ ನಗು ಬರುವ ವಿಷಯ ಒಂದು ಹೇಳುತ್ತೇನೆ. ನಿಮ್ಮ f ನಮ್ಮ ಊರಿನಲ್ಲೇ ಇದ್ದಾರೆ. ಹೆಸರು ಯೋಬೆ, ನನ್ನ ಗಂಡನ ಸೋದರಮಾವ, ನಮ್ಮ ಮದುವೆಗೆ ಗಂಡಿನ ಕಡೆಯ ನ್ಕೋಸ್ವೆ. ನಮ್ಮಲ್ಲಿ ಗಂಡಹೆಂಡಿರ ನಡುವೆ ಏನೇ ಬಂದರೂ ನ್ಕೋಸ್ವೆಯ ಬಾಯಿಂದಲೇ ಹೋಗಬೇಕು, ಅವರ ಬಾಯಿಂದಲೇ ಬರಬೇಕು. ನಿಮ್ಮ ಕಡೆಯೂ ಇಂಥವರು ಇರುತ್ತಾರಲ್ಲ. ಯೋಬೆ ಮಾವ ಹತ್ತಿ ಲಾರಿಯ ಮೇಲೆ ಮೂಟೆ ಕಾಯುತ್ತ ತಿಂಗಳಿಗೊಮ್ಮೆ ಲುಸಾಕಕ್ಕೆ ಹೋಗುತ್ತಾರೆ. ಊರಿನವರ ಸಮಾಚಾರವೆಲ್ಲ ಅವರ ಬಾಯಲ್ಲೇ ಹೋಗಿ ಬರುವುದು. ಹೋದ ವರ್ಷ ಪಕ್ಕದ ಮನೆ ಡೋರಿಕಾಳ ಅಣ್ಣ ‘ಒಂದು ಕಂಬಳಿ ಕಳಿಸ್ತೀನಿ’ ಎಂದು ಹೇಳಿಕಳಿಸಿದ್ದ. ಮಾವ ಅಂಗಳದಲ್ಲಿ ನಿಂತು, “ಡೋರಿಕಾ, ಎರಡು ಕಂಬಳಿ ಬರ್ತಾವೆ ಕಣಮ್ಮ! ಹಿರಿಯರಿಗೆಲ್ಲ ನಮಸ್ಕಾರ ಹೇಳ್ಬೇಕಂತೆ, ಹೊಟ್ಟೆ ತುಂಬ ಉಣ್ಬೇಕಂತೆ, ತಾಳಿದವರು ಬಾಳಿಯಾರು ಅಂದ!” ಎಂದರು. ಬಸ್ಸಿನಲ್ಲಿ ಬಂದದ್ದು ಒಂದೇ ಕಂಬಳಿ. ಯಾರ ಮಾತು ತಂದರೂ ಎರಡರಷ್ಟು ಮಾಡಿ, ಕೊನೆಗೆ ಆ ಮೂರು ಮಾತು ಸೇರಿಸುತ್ತಾರೆ. ಊರಿಗೇ ಗೊತ್ತು, ನಗುತ್ತಾರೆ.

ನನ್ನ ಗಂಡ ಲಬಾನಿ ಲುಸಾಕದಲ್ಲಿ ಬಡಗಿ. ಊರಿಗೆ ಬಂದು ಹೋಗಿ ಎರಡು ವರ್ಷವಾಯಿತು. ನಾನು ನರ್ಸಿಂಗ್ ಶಾಲೆಗೆ ಸೇರಿದರೆ ಎರಡು ವರ್ಷ ಶಾಲೆಯಲ್ಲೇ ಇರಬೇಕು. ಅಮ್ಮ ಹೇಳಿಬಿಟ್ಟಿದ್ದಾಳೆ: “ಗಂಡನ ಬಾಯಿಂದ ಹೂಂ ಅಂತ ಬರ್ಲಿ, ಮಗೂನ ನಾ ನೋಡ್ಕೋತೀನಿ. ಅದು ಬಾರದೆ ಒಲೆ ಬಿಟ್ಟು ಹೋದ್ಯೋ, ನನ್ನ ಮಗಳೇ ಅಲ್ಲ ನೀನು.” ಮೇ ತಿಂಗಳಲ್ಲಿ ಮಾವನ ಕೈಲಿ ಕೇಳಿಕಳಿಸಿದೆ, ಹೋಗಲೇ ಬೇಡವೇ ಎಂದು. ಮಾವ ಬಂದು ಹೇಳಿದರು: ಹಿರಿಯರಿಗೆ ನಮಸ್ಕಾರ, ಹೊಟ್ಟೆ ತುಂಬ ಉಣ್ಣು, ತಾಳಿದವರು ಬಾಳಿಯಾರು. ನಾನು ಕೇಳಿದ ರೀತಿ ಸರಿಯಿರಲಿಲ್ಲವೇನೋ. ಈ ತಿಂಗಳು ಬೇರೆ ಥರ ಕೇಳಿಕಳಿಸಿದ್ದೇನೆ. ಮಗಳ ಕಾಯಿಲೆ ತಿಳಿಸಿ, ಬಂದು ನೋಡಿಕೊಂಡು ಹೋಗು, ಆ ಮಾತೂ ಆಗಲಿ ಎಂದಿದ್ದೇನೆ.

ಎಲ್ಲ ನಿಮಗೆ ಯಾಕೆ ಬರೆದೆನೋ. ಹರಿದು ಹಾಕೋಣವೆಂದರೆ ಕಾಗದ ಇದೊಂದೇ ಇದೆ.

ಇಂತಿ,
ಎನೆಲೆಸಿ


ಲುವಾನ್‌ಶಾ
15 ಜುಲೈ 1994

ಎನೆಲೆಸಿ ಟೆಂಬೊ ಅವರಿಗೆ,

ಎಂಟು ಸರಿ. ಉಳಿದೆರಡರಲ್ಲಿ ಕಲ್ಲಿಗಿಂತ ಮೊದಲು ತಟ್ಟೆ ಎಳೆದಿದ್ದೀರಿ; ಮೂರು ಕಳೆಯುವ ಮೊದಲೇ ಅರ್ಧ ಮಾಡಿದ್ದೀರಿ. ಕಲ್ಲು ಕಾಲಿನ ಮೇಲೆ ಬೀಳುತ್ತದೆ, ಜೋಪಾನ.

ಮನೆಯ ವಿಷಯಕ್ಕೆ ನಾನು ಏನೂ ಹೇಳಲಾರೆ. ಪಾಠದ ಹೊರಗಿನದನ್ನು ಬರೆಯಬಾರದೆಂದು ಕಚೇರಿಯ ನಿಯಮ. ಮಗಳು ಚೇತರಿಸಿಕೊಂಡದ್ದು ಸಂತೋಷ. ನರ್ಸಿಂಗ್ ಶಾಲೆಯ ಅರ್ಜಿ ಸೆಪ್ಟೆಂಬರ್ ಮೂವತ್ತರೊಳಗೆ ಹೋಗಬೇಕು ಎಂದು ಪತ್ರಿಕೆಯಲ್ಲಿ ನೋಡಿದೆ. ಅದು ಪಾಠದ ಹೊರಗಿನದೋ ಒಳಗಿನದೋ ಗೊತ್ತಿಲ್ಲ, ತಿಳಿಸಿದ್ದೇನೆ.

ಪ್ರಯತ್ನ ಚೆನ್ನಾಗಿದೆ. ಇನ್ನೂ ಶ್ರಮಪಡಿ. ಧೈರ್ಯಗೆಡಬೇಡಿ.

ಇಂತಿ,
ಅ. ಕಬಾಸೊ


ಕಟೇಟೆ
4 ಆಗಸ್ಟ್ 1994

ಮಾನ್ಯ ಮೇಷ್ಟ್ರಿಗೆ,

ಈ ಸಲ ಒಂದೇ ಲೆಕ್ಕ. ಪುಸ್ತಕದಲ್ಲಿ ಇದು ಇಲ್ಲ.

f(x) = 2x + 3. x ಏನೇ ಆದರೂ f(g(x)) = 3. ಮೂರು ಬೇರೆ ಬೇರೆ x ಹಾಕಿ ನೋಡಿದ್ದಾಗಿದೆ. ಮೂರು ಸಲವೂ ಬಂದದ್ದು ಬರೀ ಮೂರು. g ಏನು?

ನಾನು ಮಾಡಿದ ಉತ್ತರದ ಮೇಲೆ ನನಗೆ ನಂಬಿಕೆ ಬರುತ್ತಿಲ್ಲ. ನೀವೇ ಮಾಡಿ ತಿಳಿಸಿ.

ಎನೆಲೆಸಿ


ಲುವಾನ್‌ಶಾ
20 ಆಗಸ್ಟ್ 1994

ಎನೆಲೆಸಿ ಅವರಿಗೆ,

ಶಭಾಷ್! ಲೆಕ್ಕ ಮಾಡುವವರು ಬೇಕಾದಷ್ಟು ಜನ, ಕಟ್ಟುವವರು ಕಡಿಮೆ. ಎಷ್ಟೋ ದಿನದ ಮೇಲೆ ಪೆನ್ನು ಹಿಡಿಯಲು ಖುಷಿಯಾಯಿತು.

ಮೂರರಿಂದ ಮೂರು ಕಳೆಯಿರಿ, ಸೊನ್ನೆ. ಸೊನ್ನೆಯ ಅರ್ಧ ಸೊನ್ನೆ. ಆದ್ದರಿಂದ g(x) = 0. ಒಳಗೆ ಏನು ಹಾಕಿದರೂ g ಕೊಡುವುದು ಸೊನ್ನೆಯೇ. ಹೊರಗೆ ಕಾಣುವ ಮೂರು ಪೂರ್ತಿಯಾಗಿ f ಕೂಡಿಸಿದ ಮೂರು, ಅದರಲ್ಲಿ g ಕೊಟ್ಟದ್ದು ಎಳ್ಳಷ್ಟೂ ಇಲ್ಲ. ಮತ್ತೆ ಹಾಕಿ ನೋಡಿ: ಸೊನ್ನೆಯ ಎರಡರಷ್ಟು ಸೊನ್ನೆ, ಮೂರು ಕೂಡಿಸಿದರೆ ಮೂರು. ತಾಳೆಯಾಯಿತು.

ಹೆದರಬೇಡಿ, ಸೊನ್ನೆಯೂ ಒಂದು ಉತ್ತರ. ಪರೀಕ್ಷೆಯಲ್ಲಿ ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಸೊನ್ನೆ ಬಂತೆಂದು ಗಾಬರಿಯಾಗಿ ಹೊಡೆದುಹಾಕಿ ಜಾಗ ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟವರಿಗೆ ನಾವು ಸೊನ್ನೆ ಕೊಡುತ್ತೇವೆ, ಸೊನ್ನೆ ಬರೆದವರಿಗೆ ಪೂರ್ತಿ ಅಂಕ ಕೊಡುತ್ತೇವೆ.

ಪ್ರಯತ್ನ ಚೆನ್ನಾಗಿದೆ. ಇನ್ನೂ ಶ್ರಮಪಡಿ. ಧೈರ್ಯಗೆಡಬೇಡಿ.

ಇಂತಿ,
ಅಗಸ್ಟಿನ್ ಕಬಾಸೊ


ಕಟೇಟೆ
18 ಸೆಪ್ಟೆಂಬರ್ 1994

ಮೇಷ್ಟ್ರೇ,

ನಿಮ್ಮ ಪತ್ರ ಓದಿದ ದಿನ ಇಪ್ಪತ್ತೆರಡು ಹಾಸಿಗೆಯ ಬಟ್ಟೆ ಒಗೆದೆ. ಕೈ ತನ್ನ ಪಾಡಿಗೆ ಒಗೆಯಿತು.

ಮೇ ತಿಂಗಳಲ್ಲಿ ಶಾಲೆಗೆ ಹೋಗಲೇ ಎಂದು ಕೇಳಿದ್ದೆ. ಜೂನ್‌ನಲ್ಲಿ ಮಗಳಿಗೆ ಕಾಯಿಲೆ, ಬಾ ಎಂದಿದ್ದೆ. ಜುಲೈನಲ್ಲಿ ಕೊನೆಯದಾಗಿ, ನಿನ್ನ ಚಾಪೆ ಸುತ್ತಿಡಲೇ, ಇನ್ನು ಬರುವುದಿಲ್ಲವೇ, ಹೇಳಿಬಿಡು ಎಂದೆ. ಮೂರು ಸಲವೂ ಮಾವ ತಂದದ್ದು ನಮಸ್ಕಾರ, ಹೊಟ್ಟೆ ತುಂಬ ಊಟ, ತಾಳಿದವರು ಬಾಳಿಯಾರು. ಡೋರಿಕಾಗೆ ಹೇಳಿದಾಗ ಅವು ಮಾವನ ಮಾತು ಎಂದು ನಕ್ಕವಳು ನಾನೇ. ನನಗೆ ಹೇಳಿದಾಗ ಲಬಾನಿಯ ಮಾತು ಎಂದು ಸೆರಗಿಗೆ ಕಟ್ಟಿಕೊಂಡೆ. ಉತ್ತರ ಸರಿಯಿಲ್ಲ ಅನಿಸಿದಾಗಲೆಲ್ಲ ನನ್ನ ಪ್ರಶ್ನೆಯನ್ನೇ ತಿದ್ದಿದೆ. x ಏನು ತಪ್ಪು ಮಾಡಿದೆ ಎಂದು ನೀವು ಮಾರ್ಚ್‌ನಲ್ಲೇ ಕೇಳಿದ್ದಿರಿ.

ಹೋದ ಭಾನುವಾರ ಮಾವನ ಮನೆಗೆ ಹೋದೆ. ಹರಿದ ಚೀಲ ಹೊಲಿಯುತ್ತ ಕೂತಿದ್ದರು.

“ಮಾವ, ಅವನು ಏನೂ ಹೇಳ್ಲಿಲ್ಲ ಅಲ್ವಾ?”

“ಯಾರು ಹೇಳಿದ್ದು ನಿಂಗೆ?”

“ಯಾರೂ ಹೇಳ್ಲಿಲ್ಲ. ನಾನೇ ಕಳೆದು ನೋಡಿದೆ. ನಿಮ್ಮ ಮೂರು ತೆಗೆದ್ರೆ ಏನೂ ಉಳಿಯಲ್ಲ.”

ಸೂಜಿ ಕೆಳಗಿಟ್ಟರು. ಆಮೇಲೆ, “ಮರ ಹೆರೀತಾ ಕೂತಿದ್ದ ಕಣಮ್ಮ. ನಾ ನೀನು ಹೇಳಿದ್ದೆಲ್ಲ ಹೇಳ್ದೆ. ತಲೆ ಎತ್ಲಿಲ್ಲ. ಮಗೂಗೆ ಕಾಯ್ಲೆ ಅಂದೆ, ಆಗ್ಲೂ ಎತ್ಲಿಲ್ಲ. ಒಳಗಡೆ ಯಾವ್ದೋ ಹೆಂಗಸು ಕೆಮ್ಮಿದ್ ಕೇಳಿಸ್ತು. ಮೂರು ಸಲ ಹೋದೆ, ಮೂರು ಸಲಾನೂ ಹಿಂಗೇ” ಎಂದರು.

“ಅದನ್ನೇ ಹೇಳಬಾರದಿತ್ತಾ ಮಾವ?”

“ಹೆಂಗೆ ಹೇಳ್ಲಿ? ನ್ಕೋಸ್ವೆ ಆದವನು ಬರಿಬಾಯಲ್ಲಿ ವಾಪಸ್ ಬರಬಾರ್ದು ಅಂತ ನಮ್ಮಜ್ಜ ಕಲಿಸಿದ್ದು. ಈ ಮದುವೆಗೆ ಹೆಣ್ಣು ಕೇಳೋಕೆ ಕೋಳಿ ಹಿಡ್ಕೊಂಡು ನಿಮ್ಮನೆಗೆ ಬಂದವನು ನಾನು. ದಾರೀಲಿ ಮೂಟೆ ಮೇಲೆ ಕೂತು ಏನು ಹೇಳ್ಲಿ ಏನು ಹೇಳ್ಲಿ ಅಂತಿದ್ದೆ. ಬಾಯಿಗೆ ಬರೋದು ಅದೇ ಮೂರು.”

ಬೈಯಬೇಕೆಂದು ಹೋಗಿದ್ದೆ. ಮುದುಕ ಅತ್ತುಬಿಟ್ಟರು. ನನಗೂ ಅಳು ಬಂತು, ಆದರೆ ಲಬಾನಿಗಾಗಿ ಅಲ್ಲ. ಇಷ್ಟು ದಿನ ನಮಸ್ಕಾರವನ್ನೇ ಊಟವೆಂದು ಉಂಡೆನಲ್ಲ, ಆ ನಾಚಿಕೆಗೆ.

ಅರ್ಜಿಯನ್ನು ಮೊನ್ನೆ ಅಂಚೆಗೆ ಹಾಕಿದೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಲೆಕ್ಕದಲ್ಲಿ ಬಂದದ್ದು ಅಮ್ಮನಿಗೆ ಸಾಲದು, ನ್ಕೋಸ್ವೆಯ ಬಾಯಿಂದಲೇ ಬರಬೇಕು.

ಇನ್ನೊಂದು ಮಾತು, ಸಿಟ್ಟಾಗಬೇಡಿ. ನಿಮ್ಮ ಪತ್ರಗಳನ್ನೂ ಜೋಡಿಸಿ ನೋಡಿದೆ. ಪ್ರತಿಯೊಂದರ ಕೊನೆಗೂ ಮೂರು ಮಾತು ಇವೆ.

ಎನೆಲೆಸಿ


ಲುವಾನ್‌ಶಾ
6 ಅಕ್ಟೋಬರ್ 1994

ಫಾಲೆಸಿಯ ಅಮ್ಮನಿಗೆ,

ಶಭಾಷ್ ಎಂದು ಬರೆದ ಆ ಕಾಗದವನ್ನು ವಾಪಸು ಪಡೆಯಲು ಆಗುವಂತಿದ್ದರೆ ಪಡೆಯುತ್ತಿದ್ದೆ. ಒಂದು ಸಂಸಾರ ಮುರಿದದ್ದನ್ನು ಎದುರಿಗಿಟ್ಟುಕೊಂಡು ಖುಷಿಯಾಯಿತು ಎಂದೆನಲ್ಲ. ಜೂನ್ ತಿಂಗಳ ನಿಮ್ಮ ಕಾಗದ ನನ್ನ ಮೇಜಿನ ಮೇಲೆಯೇ ಇತ್ತು, ಎರಡನ್ನೂ ಕೂಡಿಸಿ ನೋಡಲಿಲ್ಲ. ಪಾಠದ ಹೊರಗಿನದು ಎಂದು ಎತ್ತಿಟ್ಟಿದ್ದೆ.

ಆ ಮೂರು ಸಾಲಿನ ವಿಷಯ. ನಾನು ಇಲ್ಲಿಗೆ ಸೇರಿದಾಗ ಕಚೇರಿಯವರು ಕೊಟ್ಟ ಸಾಲುಗಳು ಅವು, ಎಲ್ಲ ಉತ್ತರಪತ್ರಿಕೆಯ ಕೊನೆಗೂ ಬರೆಯಬೇಕು. ಬರೆದು ಬರೆದು ಕೈಗೆ ಅಂಟಿಕೊಂಡವು. ನನ್ನ ಹೆಂಡತಿ ಕೊನೆಯ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದಳು. ದಿನವೂ ಸಂಜೆ ಹೋಗುತ್ತಿದ್ದೆ. ಅವಳು ಏನೇ ಕೇಳಿದರೂ, ಚೆನ್ನಾಗಿದ್ದೀಯ, ಇನ್ನೊಂದು ಸ್ವಲ್ಪ ಊಟ ಮಾಡು, ಧೈರ್ಯಗೆಡಬೇಡ ಎಂದು ಹೇಳಿ ಬಂದುಬಿಡುತ್ತಿದ್ದೆ. ಒಂದು ದಿನ ಅವಳು ‘ನಾನು ಸಾಯ್ತೀನಾ?’ ಎಂದು ಕೇಳಿದಳು. ಆವತ್ತೂ ಅದನ್ನೇ ಹೇಳಿದೆ. ನಿಮ್ಮ ಯೋಬೆ ಮಾವನನ್ನು ನಾನು ಬಯ್ಯಲಾರೆ.

ಪರೀಕ್ಷೆ ನವೆಂಬರ್ ಎಂಟಕ್ಕೆ. ನಿಮಗೆ ಲೆಕ್ಕ ಬರುತ್ತದೆ. ಇದು ಕಚೇರಿಯ ಮಾತಲ್ಲ, ನನ್ನದು. ಡಿಸೆಂಬರಿಗೆ ನನ್ನ ಕೆಲಸ ಮುಗಿಯುತ್ತದೆ. ಆಮೇಲೆ ಬರೆಯುವುದಿದ್ದರೆ ಹಿಂಬದಿಯಲ್ಲಿರುವ ಮನೆಯ ವಿಳಾಸಕ್ಕೆ ಬರೆಯಿರಿ.

ಅಗಸ್ಟಿನ್ ಕಬಾಸೊ


ಕಟೇಟೆ
20 ನವೆಂಬರ್ 1994

ಮೇಷ್ಟ್ರೇ,

ನಿಮ್ಮ ಕಾಗದ ಎರಡು ಸಲ ಓದಿದೆ. ಕೊನೆಗೆ ಆ ಮೂರು ಸಾಲು ಇಲ್ಲದ್ದು ನೋಡಿ ಮೊದಲು ಏನೋ ಕಳೆದುಹೋದ ಹಾಗಾಯಿತು, ಆಮೇಲೆ ಸಮಾಧಾನವಾಯಿತು. ನಾನು ವಾರ್ಡಿನಲ್ಲಿರುವವಳು. ಸಾಯುವವರಿಗೆ ಗೊತ್ತಿರುತ್ತದೆ ಮೇಷ್ಟ್ರೇ. ದಿನವೂ ಬಂದು ಪಕ್ಕದಲ್ಲಿ ಕೂತಿರಲ್ಲ, ಅದನ್ನು ನಿಮ್ಮ ಮನೆಯವರು ಆ ಮೂರು ಮಾತಿನಿಂದ ಬೇರೆಯಾಗಿಯೇ ತೆಗೆದಿಟ್ಟುಕೊಂಡಿರುತ್ತಾರೆ.

ಪರೀಕ್ಷೆ ಆಯಿತು. ಒಂಬತ್ತನೇ ಪ್ರಶ್ನೆ ಒಳಗಿನ ಫಲನದ್ದೇ. ಕಲ್ಲು ತೆಗೆದೆ, ತಟ್ಟೆ ತೆಗೆದೆ, ಮತ್ತೆ ಮುಚ್ಚಿ ನೋಡಿದೆ. ತಾಳೆಯಾಯಿತು. ಉಳಿದವು ಹೇಗೋ ಏನೋ. ಫಲಿತಾಂಶ ಬಂದಾಗ ತಿಳಿಸುತ್ತೇನೆ.

ಅಕ್ಟೋಬರ್ ಕೊನೆಯಲ್ಲಿ ಈ ವರ್ಷದ ಕಡೇ ಲಾರಿ ಹೋಯಿತು. ಹೋಗುವ ಮೊದಲು ಮಾವನಿಗೆ ಹೇಳಿದ್ದೆ: “ಇದೊಂದು ಸಲ ಕೇಳ್ಕೊಂಡು ಬನ್ನಿ. ಅವನು ಕೊಟ್ಟಷ್ಟೇ ತನ್ನಿ. ಏನೂ ಕೊಡದಿದ್ರೆ ಬರಿಬಾಯಲ್ಲೇ ಬನ್ನಿ, ಊಟಕ್ಕೆ ನಾ ಇಕ್ತೀನಿ.”

ಮೊನ್ನೆ ಮಧ್ಯಾಹ್ನ ಬಂದರು. ಅಮ್ಮ, ನನ್ನ ಕಡೆಯ ನ್ಕೋಸ್ವೆಯಾದ ದೊಡ್ಡಣ್ಣ, ಇಬ್ಬರು ಹಿರಿಯರು, ಎಲ್ಲರೂ ಮಾವಿನ ಮರದ ನೆರಳಲ್ಲಿ ಕೂತಿದ್ದರು. ಡೋರಿಕಾ ಬೇಲಿಯಾಚೆ ನಿಂತು, “ಬಂತು ನೋಡಿ, ಮೂರು ಮಾತು!” ಎಂದು ಕಿಸಕ್ಕನೆ ನಕ್ಕಳು. ಮಾವ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. ಬಾಯಿ ತೆರೆದರು. ನಮಸ್ಕಾರ ಎಂಬ ಮಾತು ಗಂಟಲವರೆಗೆ ಬಂದದ್ದು ನನಗೆ ಕಾಣಿಸಿತು. ಬಾಯಿ ಮುಚ್ಚಿದರು. ಹಾಗೇ ಕೂತರು. ಡೋರಿಕಾಳ ನಗು ನಿಂತಿತು.

ದೊಡ್ಡಣ್ಣ, “ಅವನೇನು ಅಂದ, ಹೇಳಿ ಮಾವ” ಎಂದ.

ಮಾವ ಇಲ್ಲವೆಂದು ತಲೆಯಾಡಿಸಿದರು, ಅಷ್ಟೇ.

ಅಮ್ಮ ಅವರ ಮುಖವನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತೋ. ಆಮೇಲೆ ಎದ್ದು ಒಳಗೆ ಹೋಗಿ ಕೈ ತೊಳೆಯಲು ನೀರು ತಂದಳು, ಎನ್‌ಶಿಮಾ ತಂದಳು, ಒಣಮೀನಿನ ಸಾರು ತಂದಳು. ಮಾವನ ಮುಂದಿಟ್ಟು, “ಉಣ್ಣಿ. ದೂರದಿಂದ ಬಂದಿದ್ದೀರಿ” ಎಂದಳು.

ತಟ್ಟೆ ಎತ್ತುವಾಗ ಅಮ್ಮ ನನ್ನ ಕಡೆ ತಿರುಗದೆ ಕೇಳಿದಳು: “ಆ ಶಾಲೆ ಯಾವಾಗ ಶುರು?”

ಇಂತಿ,
ಎನೆಲೆಸಿ ಟೆಂಬೊ